ನಾಲ್ಕು ಪ್ರಶಸ್ತಿ, ಒಂದು ಭಾಷೆ: ರೀಟಾ ಮೊರೆನೊ ಅವರ ಕಲಾಜೀವನವನ್ನು ಕುರಿತು

1

ಅಮೆರಿಕದ ಮನರಂಜನಾ ಕ್ಷೇತ್ರದಲ್ಲಿ ನಾಲ್ಕು ಪ್ರಶಸ್ತಿಗಳನ್ನು ಅತ್ಯುನ್ನತವೆಂದು ಎಣಿಸುವ ರೂಢಿಯಿದೆ. ದೂರದರ್ಶನಕ್ಕೆ ಎಮಿ, ಧ್ವನಿಮುದ್ರಿತ ಸಂಗೀತಕ್ಕೆ ಗ್ರ್ಯಾಮಿ, ಚಲನಚಿತ್ರಕ್ಕೆ ಆಸ್ಕರ್, ರಂಗಭೂಮಿಗೆ ಟೋನಿ. ಆಸ್ಕರ್ 1929ರಲ್ಲಿ, ಟೋನಿ 1947ರಲ್ಲಿ, ಎಮಿ 1949ರಲ್ಲಿ, ಗ್ರ್ಯಾಮಿ 1959ರಲ್ಲಿ ಆರಂಭವಾದವು. ಸ್ಪರ್ಧಾತ್ಮಕ ವಿಭಾಗಗಳಲ್ಲಿ ಈ ನಾಲ್ಕನ್ನೂ ಗೆದ್ದವರನ್ನು ಅವುಗಳ ಆದ್ಯಕ್ಷರಗಳನ್ನು ಕೂಡಿಸಿ ಕಟ್ಟಿದ ‘ಈಗಾಟ್’ ಎಂಬ ಪದದಿಂದ ಗುರುತಿಸಲಾಗುತ್ತದೆ. 2024ರ ಅಂತ್ಯದವರೆಗೆ ಈ ಪಟ್ಟಿಗೆ ಸೇರಿದವರು 21 ಮಂದಿ ಮಾತ್ರ.

ಪದದ ಹುಟ್ಟು ಕುತೂಹಲಕರವಾದುದು. 1984ರಲ್ಲಿ ‘ಮಯಾಮಿ ವೈಸ್’ ಧಾರಾವಾಹಿಯ ನಟ ಫಿಲಿಪ್ ಮೈಕೇಲ್ ಥಾಮಸ್ ತಮ್ಮ ಮಹತ್ವಾಕಾಂಕ್ಷೆಯನ್ನು ಸೂಚಿಸಲು ಅದನ್ನು ಬಳಕೆಗೆ ತಂದರು. ನಾಲ್ಕರಲ್ಲಿ ಒಂದೂ ಅವರಿಗೆ ದಕ್ಕಲಿಲ್ಲ. 2009ರಲ್ಲಿ ‘ಥರ್ಟಿ ರಾಕ್’ ಎಂಬ ಹಾಸ್ಯ ಧಾರಾವಾಹಿ ಅದನ್ನು ಗೇಲಿಯ ವಸ್ತುವನ್ನಾಗಿಸಿತು. ಗೇಲಿಯ ಮೂಲಕವೇ ಪದ ಜನಪ್ರಿಯವಾಗಿ, ಇಂದು ಗಂಭೀರ ಮಾನದಂಡವೆಂಬಂತೆ ಪತ್ರಿಕೆಗಳಲ್ಲಿ ಬಳಕೆಯಾಗುತ್ತಿದೆ. ಹಾಗಾಗಿ ಪಟ್ಟಿಯ ಮೊದಲ ಮೂವರು, ಅಂದರೆ 1962ರಲ್ಲಿ ನಾಲ್ಕನ್ನೂ ಪೂರೈಸಿದ ಸಂಗೀತ ಸಂಯೋಜಕ ರಿಚರ್ಡ್ ರಾಜರ್ಸ್, 1977ರಲ್ಲಿ ಪೂರೈಸಿದ ಹೆಲೆನ್ ಹೇಯ್ಸ್ ಮತ್ತು ಅದೇ ವರ್ಷ ಪೂರೈಸಿದ ರೀಟಾ ಮೊರೆನೊ, ಇಂಥದೊಂದು ಗುರಿ ಇದೆಯೆಂದು ತಿಳಿದು ದುಡಿದವರಲ್ಲ. ಅವರ ಬದುಕಿಗೆ ಈ ಹೆಸರು ಹಿಂದಿನಿಂದ ಅಂಟಿಕೊಂಡಿತು.

ಮೂವರಲ್ಲಿ ರೀಟಾ ಮೊರೆನೊ ಅವರ ಸ್ಥಿತಿ ಉಳಿದಿಬ್ಬರಿಗಿಂತ ಭಿನ್ನ. ನಾಲ್ಕೂ ಪ್ರಶಸ್ತಿಗಳು ಯಾವ ಭಾಷೆಯ ಸುತ್ತ ಕಟ್ಟಲ್ಪಟ್ಟಿವೆಯೋ ಆ ಭಾಷೆ ಅವರ ತಾಯ್ನುಡಿಯಲ್ಲ. ಅವರ ಸಾಧನೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ‘ಮೊದಲ ಲ್ಯಾಟಿನಾ’ ಎಂಬ ವಿಶೇಷಣದಲ್ಲಿ ಮುಗಿಯುತ್ತವೆ. ನಾಲ್ಕು ಪ್ರಶಸ್ತಿಗಳನ್ನು ತಂದುಕೊಟ್ಟ ನಾಲ್ಕು ಅಭಿನಯಗಳಲ್ಲಿ ಅವರ ಭಾಷೆ ಎಲ್ಲಿ, ಯಾವ ರೂಪದಲ್ಲಿ ಇತ್ತು ಎಂಬ ಪ್ರಶ್ನೆಯನ್ನು ಆ ಬರಹಗಳು ಎತ್ತುವುದು ವಿರಳ. ಅಲ್ಪಸಂಖ್ಯಾತ ಭಾಷೆಯೊಂದರ ನೆಲೆಯಿಂದ ನೋಡುವವರಿಗೆ ಮೊದಲು ಏಳುವ ಪ್ರಶ್ನೆಯೇ ಅದು.

2

ರೋಸಾ ದೊಲೊರೆಸ್ ಆಲ್ವೆರಿಯೊ 1931ರಲ್ಲಿ ಪೋರ್ಟೊ ರಿಕೊ ದ್ವೀಪದ ಹುಮಕಾವೊದಲ್ಲಿ ಜನಿಸಿದರು. ಸ್ಪೇನ್ ಆಳ್ವಿಕೆಯಲ್ಲಿದ್ದ ಈ ದ್ವೀಪ 1898ರಲ್ಲಿ ಅಮೆರಿಕದ ವಶಕ್ಕೆ ಬಂದಿತ್ತು. 1917ರ ಕಾಯಿದೆಯ ಮೂಲಕ ಅಲ್ಲಿನವರು ಅಮೆರಿಕದ ನಾಗರಿಕರಾದರು. ನಾಗರಿಕತ್ವ ಇಂಗ್ಲಿಷ್ ರಾಷ್ಟ್ರದ್ದು, ಮನೆಮಾತು ಸ್ಪಾನಿಷ್. ಗಡಿ ದಾಟದೆಯೇ ಗಡಿಯ ಆಚೆಗೆ ಸೇರಿಹೋಗುವ ಈ ಅನುಭವ ಕಾಸರಗೋಡಿನ ಅಥವಾ ಅಕ್ಕಲಕೋಟೆಯ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದುದಲ್ಲ.

1936ರಲ್ಲಿ ಐದು ವರ್ಷದ ರೋಸಾ ತಾಯಿಯೊಡನೆ ನ್ಯೂಯಾರ್ಕಿಗೆ ಬಂದರು. ತಮ್ಮ ದ್ವೀಪದಲ್ಲೇ ಉಳಿದ. ಹನ್ನೊಂದರ ವಯಸ್ಸಿನಲ್ಲಿ ಅಮೆರಿಕದ ಚಿತ್ರಗಳ ಸ್ಪಾನಿಷ್ ಅವತರಣಿಕೆಗಳಿಗೆ ಧ್ವನಿ ನೀಡುವ ಕೆಲಸ ಸಿಕ್ಕಿತು. ಮನರಂಜನಾ ಉದ್ಯಮದಲ್ಲಿ ಅವರಿಗೆ ದೊರೆತ ಆರಂಭದ ಕೂಲಿ ತಾಯ್ನುಡಿಯ ಕೂಲಿಯಾಗಿತ್ತು ಎಂಬುದು ಗಮನಾರ್ಹ. 13ನೆಯ ವಯಸ್ಸಿನಲ್ಲಿ ಬ್ರಾಡ್‌ವೇ ರಂಗಪ್ರವೇಶ, ಬಳಿಕ ಎಂ.ಜಿ.ಎಂ. ಸಂಸ್ಥೆಯ ಒಪ್ಪಂದ. ಆ ಹೊತ್ತಿಗೆ ರೋಸಿತಾ ರೀಟಾ ಆದರು. ಮೊರೆನೊ ಎಂಬುದು ಮಲತಂದೆಯ ಹೆಸರು.

1950ರ ದಶಕದಲ್ಲಿ ಸಿಕ್ಕ ಪಾತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಾಲಿವುಡ್ಡಿನ ಭಾಷಾನೀತಿ ತಿಳಿಯುತ್ತದೆ. ‘ಸಿಂಗಿಂಗ್ ಇನ್ ದಿ ರೈನ್’ (1952) ಚಿತ್ರದ ಚಿಕ್ಕ ಪಾತ್ರದಂತಹ ಅಪವಾದಗಳನ್ನು ಬಿಟ್ಟರೆ, ಅವರು ಆದಿವಾಸಿ ಇಂಡಿಯನ್ ಹುಡುಗಿಯಾದರು, ‘ದಿ ಕಿಂಗ್ ಅಂಡ್ ಐ’ (1956) ಚಿತ್ರದಲ್ಲಿ ಬರ್ಮಾದ ಕನ್ಯೆಯಾದರು. ಎಲ್ಲ ಪಾತ್ರಗಳಿಗೂ ಒಂದೇ ಬಗೆಯ ‘ಪರಕೀಯ’ ಉಚ್ಚಾರವನ್ನು ತಾವೇ ಹೊಸೆದು ಬಳಸಿದ್ದಾಗಿ ಮೊರೆನೊ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡರು. ಯಾರೂ ಅದನ್ನು ಪ್ರಶ್ನಿಸಲಿಲ್ಲ. ಉದ್ಯಮಕ್ಕೆ ಬೇಕಾಗಿದ್ದುದು ಬರ್ಮೀ ನುಡಿಯ ಅಥವಾ ಸ್ಪಾನಿಷಿನ ಜಾಡು ಅಲ್ಲ. ಇಂಗ್ಲಿಷ್ ತನ್ನದಲ್ಲ ಎಂಬುದನ್ನು ಸೂಚಿಸುವ ಒಂದು ಗುರುತು ಇದ್ದರೆ ಸಾಕಾಗಿತ್ತು.

3

ಆಸ್ಕರ್ ತಂದುಕೊಟ್ಟ ‘ವೆಸ್ಟ್ ಸೈಡ್ ಸ್ಟೋರಿ’ (1961) ಪೋರ್ಟೊ ರಿಕೊದ ವಲಸಿಗರ ಕಥೆ. ಅದರ ಮೂಲವಾದ 1957ರ ಬ್ರಾಡ್‌ವೇ ನಾಟಕವನ್ನು ರೂಪಿಸಿದ ಲೆನರ್ಡ್ ಬರ್ನ್‌ಸ್ಟೈನ್, ಸ್ಟೀಫನ್ ಸಾಂಡ್‌ಹೈಮ್, ಆರ್ಥರ್ ಲಾರೆಂಟ್ಸ್, ಜೆರೋಮ್ ರಾಬಿನ್ಸ್ ನಾಲ್ವರಲ್ಲಿ ಯಾರೂ ಆ ಸಮುದಾಯದವರಲ್ಲ. ಚಿತ್ರದಲ್ಲಿ ಮರಿಯಾ ಆದವರು ನಟಾಲಿ ವುಡ್, ಬರ್ನಾರ್ಡೊ ಆದವರು ಗ್ರೀಕ್ ಮೂಲದ ಜಾರ್ಜ್ ಚಕೀರಿಸ್. ಮುಖ್ಯ ಪಾತ್ರಗಳಲ್ಲಿ ಪೋರ್ಟೊ ರಿಕೊದಲ್ಲಿ ಹುಟ್ಟಿದವರು ಅನಿತಾ ಪಾತ್ರದ ಮೊರೆನೊ ಒಬ್ಬರೇ. ಅವರ ಮುಖಕ್ಕೂ ಉಳಿದವರಂತೆಯೇ ಕಂದುಬಣ್ಣ ಬಳಿಯಲಾಯಿತು. ಈ ಕುರಿತು ತಾವು ಆಕ್ಷೇಪಿಸಿದ್ದನ್ನು ಅವರು ಹಲವು ಬಾರಿ ನೆನೆದಿದ್ದಾರೆ. ನಿಜವಾದ ಪೋರ್ಟೊ ರಿಕೊದವಳು ಚಿತ್ರದ ಪೋರ್ಟೊ ರಿಕೊದವಳಾಗಿ ಕಾಣಲು ಬಣ್ಣ ಬೇಕಾಯಿತು.

ಧ್ವನಿಯ ವಿಷಯ ಇನ್ನೂ ಸೂಕ್ಷ್ಮ. ನಟಾಲಿ ವುಡ್ ಅವರ ಹಾಡುಗಳನ್ನು ಮಾರ್ನಿ ನಿಕ್ಸನ್ ಹಾಡಿದ್ದು ಪ್ರಸಿದ್ಧ ಸಂಗತಿ. ಅನಿತಾ ಮರಿಯಾಳನ್ನು ನಿಂದಿಸುವ ಮಂದ್ರಸ್ಥಾಯಿಯ ಹಾಡಿನಲ್ಲಿ ಮೊರೆನೊ ಅವರಿಗೆ ಬೆಟ್ಟಿ ವಾಂಡ್ ಕಂಠದಾನ ಮಾಡಿದ್ದು ಅಷ್ಟು ಪ್ರಚಾರ ಪಡೆದಿಲ್ಲ. ಅಂದರೆ ತನ್ನವನನ್ನು ಕೊಂದವನನ್ನು ಪ್ರೀತಿಸಬೇಡ, ನಿನ್ನ ಜನರೊಡನೆ ನಿಲ್ಲು ಎಂದು ಅನಿತಾ ಹೇಳುವ ಗಳಿಗೆಯಲ್ಲಿ ಕೇಳುವುದು ಪೋರ್ಟೊ ರಿಕೊದ ಕಂಠವಲ್ಲ. ಮಾಳಿಗೆಯ ಮೇಲಿನ ‘ಅಮೆರಿಕ’ ಹಾಡಿನಲ್ಲಿ ಮಾತ್ರ ಮೊರೆನೊ ಪೂರ್ಣವಾಗಿ ತಾವೇ ಇದ್ದಾರೆ. ನಾಟಕದಲ್ಲಿ ಅದು ಹೆಂಗಸರ ನಡುವಿನ ಹಾಡು. ದ್ವೀಪಕ್ಕಾಗಿ ಹಂಬಲಿಸುವವಳನ್ನು ಅನಿತಾ ಹಂಗಿಸುತ್ತಾಳೆ. ಚಿತ್ರದಲ್ಲಿ ಅದನ್ನು ಗಂಡಸರ ಮತ್ತು ಹೆಂಗಸರ ವಾಗ್ವಾದವಾಗಿ ಮರುಬರೆಯಲಾಯಿತು. ಆದ್ದರಿಂದ ದ್ವೀಪದ ಮೇಲಿದ್ದ ಮೊನೆ ಭಾಗಶಃ ಅಮೆರಿಕದ ವರ್ಣಭೇದದ ಕಡೆಗೆ ತಿರುಗಿತು. ಅನಿತಾ ಅಮೆರಿಕದ ಪರವಾಗಿ ವಾದಿಸುತ್ತಾಳಾದರೂ ಮೊರೆನೊ ಅವರ ದೇಹ, ಸ್ಕರ್ಟಿನ ಬೀಸು, ಗದ್ದವೆತ್ತುವ ರೀತಿ ಆ ವಾದವನ್ನು ಪೂರ್ಣವಾಗಿ ನಂಬುವುದಿಲ್ಲ. ಆಕೆ ಹೊಸ ನಾಡನ್ನು ಹೊಗಳುವುದು ಅದು ತನಗೆ ಕೊಡಬೇಕಾದುದನ್ನು ವಸೂಲಿ ಮಾಡುವವಳಂತೆ. ಪ್ರಶಸ್ತಿಗೆ ಅರ್ಹವಾದ ಅಭಿನಯ ಇದು ಎಂಬುದರಲ್ಲಿ ಸಂದೇಹವಿಲ್ಲ.

1962ರಲ್ಲಿ ಆಸ್ಕರ್ ಬಂದ ಮೇಲೆ ಬಂದ ಕರೆಗಳು ಬಹುಪಾಲು ಅದೇ ಬೀದಿಗುಂಪುಗಳ ಕಥೆಯ ಚಿಕ್ಕ ರೂಪಗಳು. ಅವನ್ನು ನಿರಾಕರಿಸಿದ ಮೊರೆನೊ ಹಲವು ವರ್ಷ ಹಾಲಿವುಡ್ಡಿನಿಂದ ಬಹುಮಟ್ಟಿಗೆ ದೂರವೇ ಉಳಿದರು. ಪ್ರಶಸ್ತಿ ನಟಿಯನ್ನು ಗುರುತಿಸಿತ್ತು. ಆಕೆಗೆ ಬೇಕಾದ ಪಾತ್ರಗಳನ್ನು ಬರೆಯುವವರು ಮಾತ್ರ ಇರಲಿಲ್ಲ.

4

ಎರಡನೆಯ ಪ್ರಶಸ್ತಿ ಬಂದ ದಾರಿ ವಿಚಿತ್ರವಾದುದು. 1971ರಿಂದ 1977ರವರೆಗೆ ಸಾರ್ವಜನಿಕ ದೂರದರ್ಶನದಲ್ಲಿ ಪ್ರಸಾರವಾದ ‘ದಿ ಇಲೆಕ್ಟ್ರಿಕ್ ಕಂಪನಿ’ ಓದಲು ತೊಡಕುಪಡುವ ಶಾಲಾಮಕ್ಕಳಿಗೆ ಇಂಗ್ಲಿಷ್ ಅಕ್ಷರ ಮತ್ತು ಧ್ವನಿಗಳ ಸಂಬಂಧವನ್ನು ಕಲಿಸುವ ಕಾರ್ಯಕ್ರಮ. ಅದರ ಹಾಡುಗಳ ಧ್ವನಿಮುದ್ರಿಕೆಗೆ 1972ರ ಸಾಲಿನ ಮಕ್ಕಳ ವಿಭಾಗದ ಗ್ರ್ಯಾಮಿ ಬಂತು. ಸಹಕಲಾವಿದರೊಡನೆ ಅದನ್ನು ಮೊರೆನೊ ಹಂಚಿಕೊಂಡರು. ಇಂಗ್ಲಿಷಿನ ಒಂದು ಪದವೂ ತಿಳಿಯದೆ ನ್ಯೂಯಾರ್ಕಿನ ಶಾಲೆಗೆ ಸೇರಿದ್ದ ಬಾಲಕಿ ಅಮೆರಿಕದ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸಿ ಪ್ರಶಸ್ತಿ ಪಡೆದರು. ಇದನ್ನು ವಿಜಯವೆಂದು ಓದಬಹುದು, ಅದು ತಪ್ಪೂ ಅಲ್ಲ. ಆದರೆ ಈ ಪ್ರಶಸ್ತಿಯಲ್ಲಿ ಸ್ಪಾನಿಷಿಗೆ ಜಾಗವೇ ಇರಲಿಲ್ಲ. ಪೂರ್ತಿಯಾಗಿ ಸ್ಪಾನಿಷಿನಲ್ಲಿ ಅವರ ಮೊದಲ ಗೀತಸಂಪುಟ ಬಂದದ್ದು 2015ರಲ್ಲಿ, 83ನೆಯ ವಯಸ್ಸಿನಲ್ಲಿ.

1975ರ ಟೋನಿ ಬಂದದ್ದು ಟೆರೆನ್ಸ್ ಮ್ಯಾಕ್‌ನಾಲಿ ಅವರ ‘ದಿ ರಿಟ್ಜ್’ ಪ್ರಹಸನದ ಗೂಗಿ ಗೋಮೆಸ್ ಪಾತ್ರಕ್ಕೆ. ಗೂಗಿ ಪ್ರತಿಭೆಯಿಲ್ಲದ, ಆದರೆ ಆತ್ಮವಿಶ್ವಾಸಕ್ಕೆ ಕೊರತೆಯಿಲ್ಲದ ಪೋರ್ಟೊ ರಿಕೊದ ಹಾಡುಗಾರ್ತಿ. ಬ್ರಾಡ್‌ವೇಯ ಪ್ರಸಿದ್ಧ ಗೀತೆಗಳನ್ನು ದಟ್ಟ ಉಚ್ಚಾರದಲ್ಲಿ ಹಾಡಿ ಹಾಳುಗೆಡವುತ್ತಾಳೆ. ಈ ವ್ಯಕ್ತಿಯನ್ನು ಮೊರೆನೊ ಗೆಳೆಯರ ಕೂಟಗಳಲ್ಲಿ ತಾವೇ ಕಟ್ಟಿ ಆಡುತ್ತಿದ್ದರು. ನೋಡಿದ ನಾಟಕಕಾರ ಅದನ್ನು ಪಾತ್ರವನ್ನಾಗಿಸಿದ. ಸ್ವಸಮುದಾಯದವರನ್ನೇ ನಗೆಪಾಟಲು ಮಾಡಿದರೆಂಬ ಆಕ್ಷೇಪ ಬಂದಾಗ, ತಾವು ಅಣಕಿಸಿದ್ದು ಇಂಥ ಪಾತ್ರಗಳನ್ನು ಬರೆದ ಹಾಲಿವುಡ್ ಲೇಖಕರನ್ನು ಎಂದು ಅವರು ಉತ್ತರಿಸಿದರು.

ಈ ಉತ್ತರವನ್ನು ಪೂರ್ಣವಾಗಿ ಒಪ್ಪುವುದು ಕಷ್ಟ, ಪೂರ್ಣವಾಗಿ ತಳ್ಳಿಹಾಕುವುದೂ ಕಷ್ಟ. ಹೊರಗಿನವರು ಬರೆದ ‘ಪರಕೀಯ ಉಚ್ಚಾರ’ವನ್ನು ಎರಡು ದಶಕ ಆಡಿದವರು, ಅದನ್ನೇ ಕೈಗೆ ತೆಗೆದುಕೊಂಡು ಅತಿಶಯಗೊಳಿಸಿದಾಗ ನಗೆಯ ಒಡೆತನ ಬದಲಾಗುತ್ತದೆ. ಗೂಗಿಯ ಉಚ್ಚಾರ 1950ರ ದಶಕದ ಬೇರಿಲ್ಲದ ಉಚ್ಚಾರವಲ್ಲ. ಅದು ನ್ಯೂಯಾರ್ಕಿನ ಪೋರ್ಟೊ ರಿಕೊ ಬೀದಿಯದು, ಸ್ಪಾನಿಷ್ ಧ್ವನಿವ್ಯವಸ್ಥೆ ಇಂಗ್ಲಿಷಿನ ಸ್ವರ ವ್ಯಂಜನಗಳನ್ನು ತನ್ನ ಅಚ್ಚಿಗೆ ಒತ್ತಿದಾಗ ಹುಟ್ಟುವಂಥದು. ಆದರೆ ಪ್ರೇಕ್ಷಾಗೃಹದಲ್ಲಿ ಕುಳಿತ ಬಹುಸಂಖ್ಯಾತ ಪ್ರೇಕ್ಷಕ ಯಾರನ್ನು ಕಂಡು ನಗುತ್ತಿದ್ದಾನೆ ಎಂಬುದನ್ನು ನಟಿ ನಿಯಂತ್ರಿಸಲಾರಳು. ಒಳಗಿನವರ ಅಣಕವೂ ಹೊರಗಿನವರ ತಿರಸ್ಕಾರವೂ ಒಂದೇ ಚಪ್ಪಾಳೆಯಲ್ಲಿ ಬೆರೆಯುತ್ತವೆ. ಪ್ರಶಸ್ತಿ ಆ ಚಪ್ಪಾಳೆಯನ್ನು ಬಿಡಿಸಿ ನೋಡುವುದಿಲ್ಲ.

1977ರ ಎಮಿ ‘ದಿ ಮಪೆಟ್ ಶೋ’ ಎಂಬ ಗೊಂಬೆಗಳ ಕಾರ್ಯಕ್ರಮದ ಒಂದು ಸಂಚಿಕೆಗೆ ಬಂತು. ಅದರ ನೆನಪುಳಿಯುವ ಭಾಗದಲ್ಲಿ ಮೊರೆನೊ ಮೆಲುದನಿಯ ಹಾಡೊಂದನ್ನು ಹಾಡುತ್ತಿದ್ದರೆ, ಡ್ರಮ್ ಬಾರಿಸುವ ಒರಟು ಗೊಂಬೆ ಮತ್ತೆ ಮತ್ತೆ ಅಡ್ಡಬರುತ್ತದೆ. ತಾಳ್ಮೆ ಮೀರಿದಾಗ ಗಾಯಕಿ ಅದನ್ನು ಸ್ಪಾನಿಷಿನಲ್ಲಿ ಗದರುತ್ತಾರೆ, ಕೊನೆಗೆ ಅದರ ತಲೆಯನ್ನು ಎರಡು ತಾಳಗಳ ನಡುವೆ ಅಪ್ಪಳಿಸುತ್ತಾರೆ. ನಾಲ್ಕು ಪ್ರಶಸ್ತಿಗಳ ಹಿಂದಿನ ಅಭಿನಯಗಳಲ್ಲಿ ತಾಯ್ನುಡಿ ಇಷ್ಟು ಸಹಜವಾಗಿ ಹೊರಬರುವುದು ಇಲ್ಲಿ: ಕೋಪದ ಮಾತಾಗಿ, ಗೊಂಬೆಯೊಂದಿಗೆ, ಕೆಲವೇ ಕ್ಷಣ.

ಹೀಗೆ ನಾಲ್ಕು ಪ್ರಶಸ್ತಿಗಳಲ್ಲಿ ಸ್ಪಾನಿಷಿನ ಪಾಲು ನಾಲ್ಕು ಬಗೆಯದು. ಆಸ್ಕರಿನಲ್ಲಿ ಉಚ್ಚಾರ, ಗ್ರ್ಯಾಮಿಯಲ್ಲಿ ಗೈರುಹಾಜರಿ, ಟೋನಿಯಲ್ಲಿ ಅಣಕ, ಎಮಿಯಲ್ಲಿ ಗದರಿಕೆ. ‘ಎಲ್ಲ ಪ್ರಶಸ್ತಿ’ ಎಂಬ ಪೂರ್ಣತೆ ಒಂದೇ ಭಾಷೆಯ ಮಾರುಕಟ್ಟೆಯ ನಾಲ್ಕು ಕೋಣೆಗಳ ಪೂರ್ಣತೆ.

5

ಇದು ವ್ಯಕ್ತಿಗಳ ಪಕ್ಷಪಾತದ ಮಾತಲ್ಲ, ಪ್ರಶಸ್ತಿಗಳ ರಚನೆಯ ಮಾತು. ಟೋನಿಗೆ ಅರ್ಹವಾಗುವುದು ಮ್ಯಾನ್‌ಹ್ಯಾಟನ್ನಿನ ಸುಮಾರು 40 ರಂಗಮಂದಿರಗಳಲ್ಲಿ ನಡೆಯುವ ಪ್ರಯೋಗಗಳು ಮಾತ್ರ. ಮೊರೆನೊ ಅವರ ಸಮಕಾಲೀನೆ, ಪೋರ್ಟೊ ರಿಕೊದವರೇ ಆದ ಮಿರಿಯಮ್ ಕೊಲೋನ್ 1967ರಲ್ಲಿ ನ್ಯೂಯಾರ್ಕಿನಲ್ಲಿ ಪೋರ್ಟೊ ರಿಕನ್ ಟ್ರಾವೆಲಿಂಗ್ ಥಿಯೇಟರ್ ಸ್ಥಾಪಿಸಿ, ಸ್ಪಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ನಾಟಕವಾಡಿಸಿ, ವಲಸಿಗರ ಬೀದಿಗಳಿಗೇ ರಂಗಭೂಮಿಯನ್ನು ಒಯ್ದರು. ಒಂದೇ ನಗರದ ಎರಡು ರಂಗಭೂಮಿಗಳಲ್ಲಿ ಎರಡನೆಯದು ಟೋನಿಯ ಕಣ್ಣಳತೆಗೆ ಹೊರಗಿನದು.

ಆಸ್ಕರಿನ ಉದಾಹರಣೆ ಮತ್ತೂ ಕಟುವಾದುದು. ಇತರ ದೇಶಗಳ ಇಂಗ್ಲಿಷೇತರ ಚಿತ್ರಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಪೋರ್ಟೊ ರಿಕೊ ಹಲವು ವರ್ಷ ಈ ವಿಭಾಗಕ್ಕೆ ಚಿತ್ರಗಳನ್ನು ಕಳುಹಿಸಿತು. ಹಾಕೊಬೊ ಮೊರಾಲೆಸ್ ಅವರು ಸ್ಯಾಂಟಿಯಾಗೊ ಎಂಬ ವೃದ್ಧನನ್ನು ಕುರಿತು 1989ರಲ್ಲಿ ನಿರ್ಮಿಸಿದ ಚಿತ್ರ ಅಂತಿಮ ಐದರಲ್ಲಿ ಸ್ಥಾನ ಪಡೆಯಿತು. ಆದರೆ 2011ರಲ್ಲಿ, ದ್ವೀಪವು ಅಮೆರಿಕದ ಅಧೀನ ಪ್ರದೇಶವಾದ್ದರಿಂದ ಅದರ ಚಿತ್ರಗಳು ಈ ವಿಭಾಗಕ್ಕೆ ಸಲ್ಲವೆಂದು ಅಕಾಡೆಮಿ ತೀರ್ಮಾನಿಸಿತು. ಪರದೇಶದ ಭಾಷೆಯೆಂದು ಗೌರವ ಪಡೆಯಲು ಅದು ಪರದೇಶವಲ್ಲ. ಸ್ವದೇಶದ ಸ್ಪರ್ಧೆಯಲ್ಲಿ ನಿಲ್ಲಲು ಅದರ ಭಾಷೆ ಸ್ವದೇಶದ್ದಲ್ಲ.

ಭಾರತದ ಪ್ರಶಸ್ತಿವ್ಯವಸ್ಥೆ ಭಾಷಾವಾರು ಆಗಿರುವುದರಿಂದ ಇಲ್ಲಿ ಇಂಥ ಬಿರುಕಿಲ್ಲವೆಂದು ತೋರಬಹುದು. ಆದರೆ ಗಡಿಯಾಚೆಯ ಕನ್ನಡ ಲೇಖಕನ ಸ್ಥಿತಿ ಅಷ್ಟು ಸರಳವಲ್ಲ. ಅವನು ತೆರಿಗೆ ಕಟ್ಟುವ ರಾಜ್ಯದ ಸಾಹಿತ್ಯಗೌರವಗಳು ಮುಖ್ಯವಾಗಿ ಆ ರಾಜ್ಯದ ಭಾಷೆಗೆ ಮೀಸಲು. ಅವನ ಭಾಷೆಯ ಗೌರವಗಳ ಕೇಂದ್ರ ಇನ್ನೊಂದು ರಾಜ್ಯದಲ್ಲಿದೆ. 1949ರಲ್ಲಿ ಮಂಜೇಶ್ವರದ ಗೋವಿಂದ ಪೈ ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತದ್ದು ಮದರಾಸು ಸರಕಾರ. ಬಹುಭಾಷಾ ಪ್ರಾಂತವೊಂದು ತನ್ನೊಳಗಿನ ಕನ್ನಡ ಕವಿಯನ್ನು ಅವನ ಕನ್ನಡಕ್ಕಾಗಿಯೇ ಗೌರವಿಸಿತ್ತು. 1956ರ ಬಳಿಕ ಆ ನೆಲ ಕೇರಳಕ್ಕೆ ಸೇರಿತು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದಾಗ ಆ ಗೌರವ ಗಡಿ ದಾಟಿ ಬಂದಿತ್ತು. ಮೊರೆನೊ ಅವರಿಗೆ ಸಿಕ್ಕಿದ್ದು ತಾನು ಬದುಕುವ ರಾಷ್ಟ್ರದ ಮನ್ನಣೆ, ಪರಭಾಷೆಯಲ್ಲಿ. ಲಿಗಾಡೆಯವರಿಗೆ ಸಿಕ್ಕಿದ್ದು ತಮ್ಮ ಭಾಷೆಯ ಮನ್ನಣೆ, ಪರರಾಜ್ಯದಲ್ಲಿ. ಎರಡೂ ಒಂದೆಡೆ ಕೂಡಿದ ಗಳಿಗೆ, ಗೋವಿಂದ ಪೈ ಅವರಂತಹದು, ಅಪೂರ್ವ.

6

ಹಾಗೆಂದು ಪ್ರಶಸ್ತಿಗಳು ಮೊರೆನೊ ಅವರಿಗೆ ಏನೂ ಕೊಡಲಿಲ್ಲವೆಂದು ಹೇಳುವುದು ಅನ್ಯಾಯ. ಅವು ಕೊಟ್ಟದ್ದು ಅಧಿಕಾರ. ಅದರ ಫಲ ಕಂಡದ್ದು ಬಹಳ ತಡವಾಗಿ. 2021ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಮತ್ತೆ ಚಿತ್ರಿಸಿದಾಗ, ಸುಮಾರು ತೊಂಬತ್ತರ ಮೊರೆನೊ ನಟಿಯಾಗಿಯಷ್ಟೇ ಅಲ್ಲದೆ ಕಾರ್ಯನಿರ್ವಾಹಕ ನಿರ್ಮಾಪಕರಲ್ಲಿ ಒಬ್ಬರಾಗಿಯೂ ಇದ್ದರು. ಚಿತ್ರಕಥೆ ಬರೆದ ಟೋನಿ ಕುಶ್ನರ್ ಹಳೆಯ ಅಂಗಡಿಯ ಯಜಮಾನ ಡಾಕ್ ಪಾತ್ರದ ಬದಲಿಗೆ ಅವನ ವಿಧವೆ, ಪೋರ್ಟೊ ರಿಕೊದ ವಲೆಂಟಿನಾಳನ್ನು ಸೃಷ್ಟಿಸಿದರು. ಈ ಚಿತ್ರದಲ್ಲಿ ಸ್ಪಾನಿಷ್ ಮಾತುಗಳಿಗೆ ಅಡಿಬರಹ ಹಾಕಲಿಲ್ಲ; ಆ ಭಾಷೆಯನ್ನು ಇಂಗ್ಲಿಷಿಗೆ ಅಧೀನಗೊಳಿಸಬಾರದೆಂಬುದು ನಿರ್ದೇಶಕರು ಪ್ರಕಟವಾಗಿ ಹೇಳಿದ ಕಾರಣ. ಅರ್ಥವಾಗದ ಪ್ರೇಕ್ಷಕ ಅರ್ಥವಾಗದೆಯೇ ಕುಳಿತಿರಬೇಕಾಯಿತು. ಅದು ಅಲ್ಪಸಂಖ್ಯಾತನ ದೈನಂದಿನ ಅನುಭವ.

ವಲೆಂಟಿನಾ ಪಾತ್ರದ ಮೂರು ಸಂದರ್ಭಗಳಲ್ಲಿ ಮೊರೆನೊ ಅವರ ಇಡೀ ಕಲಾಜೀವನ ಮರುಪರಿಶೀಲನೆಗೆ ಒಳಗಾಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಟೋನಿ ಎಂಬ ತರುಣ ಮರಿಯಾಳಿಗೆ ಪ್ರೇಮ ತಿಳಿಸಲು ಸ್ಪಾನಿಷ್ ಮಾತುಗಳನ್ನು ಕಲಿಸೆಂದು ವಲೆಂಟಿನಾಳನ್ನು ಕೇಳುತ್ತಾನೆ. ಐವತ್ತು ವರ್ಷಗಳ ಹಿಂದೆ ಇಂಗ್ಲಿಷ್ ಓದು ಕಲಿಸಿ ಗ್ರ್ಯಾಮಿ ಪಡೆದವರು ಇಲ್ಲಿ ತಾಯ್ನುಡಿಯ ಪಾಠ ಹೇಳುತ್ತಾರೆ. ಎರಡನೆಯದು, ಅಂಗಡಿಯಲ್ಲಿ ಹೊಸ ಅನಿತಾಳ ಮೇಲೆ ಹುಡುಗರು ಎರಗುವ ದೃಶ್ಯ. 1961ರಲ್ಲಿ ಅದೇ ದೌರ್ಜನ್ಯವನ್ನು ಅಭಿನಯದಲ್ಲಿ ಅನುಭವಿಸಿದ್ದ ನಟಿ ಈಗ ಒಳಬಂದು ಅದನ್ನು ತಡೆಯುತ್ತಾರೆ, ಆ ಕೃತ್ಯಕ್ಕೆ ಅದರ ನಿಜವಾದ ಹೆಸರನ್ನು ಇಡುತ್ತಾರೆ. ಅಲ್ಲಿಯವರೆಗೆ ಇತರರಿಗೆ ಇಂಗ್ಲಿಷಿನಲ್ಲಿ ಮಾತನಾಡೆಂದು ಹೇಳುತ್ತಿದ್ದ ಅನಿತಾ, ತಾನು ಅಮೆರಿಕದವಳಲ್ಲ, ಪೋರ್ಟೊ ರಿಕೊದವಳು ಎಂದು ಸ್ಪಾನಿಷಿನಲ್ಲಿ ಸಾರುತ್ತಾಳೆ. ಮೂರನೆಯದು, ಹಿಂದಿನ ಚಿತ್ರದಲ್ಲಿ ಪ್ರೇಮಿಗಳು ಹಾಡುತ್ತಿದ್ದ, ತಮಗೂ ಎಲ್ಲೋ ಒಂದು ನೆಲೆಯಿದ್ದೀತೆಂಬ ಹಂಬಲದ ಗೀತೆ ಈಗ ವಲೆಂಟಿನಾಳದು. ವಯಸ್ಸಾದ, ಅಲ್ಲಲ್ಲಿ ಒಡೆಯುವ ಆ ಕಂಠಕ್ಕೆ ಬೇರೆಯವರ ಕಂಠದಾನವಿಲ್ಲ. ಪ್ರೇಮಿಗಳ ಹಾಡಾಗಿದ್ದುದು ಹೀಗೆ ಒಂದು ಸಮುದಾಯದ ಹಾಡಾಗುತ್ತದೆ.

ಈ ಅಭಿನಯಕ್ಕೆ ನಾಲ್ಕರಲ್ಲಿ ಯಾವ ಪ್ರಶಸ್ತಿಯೂ ಬರಲಿಲ್ಲ. 2022ರಲ್ಲಿ ಅನಿತಾ ಪಾತ್ರಕ್ಕಾಗಿ ಅದೇ ಆಸ್ಕರನ್ನು ಪಡೆದವರು ಅರಿಯಾನ ಡಿಬೋಸ್. ಸ್ವೀಕಾರ ಭಾಷಣದಲ್ಲಿ ಅವರು ಮೊರೆನೊ ಅವರನ್ನು ಸ್ಮರಿಸಿದರು. ಆದರೂ ನಾಲ್ಕು ಪ್ರಶಸ್ತಿಗಳ ಲೆಕ್ಕದಲ್ಲಿ ಸೇರದ ಈ ಪಾತ್ರವೇ ಆ ನಾಲ್ಕಕ್ಕೂ ಬರೆದ ವ್ಯಾಖ್ಯಾನದಂತಿದೆ.

ಪೋರ್ಟೊ ರಿಕೊದ ಪಾಲಿಗೆ ಇನ್ನೊಂದು ಪ್ರಶಸ್ತಿಯೂ ಉಂಟು. 1991ರಲ್ಲಿ ದ್ವೀಪವು ಸ್ಪಾನಿಷನ್ನು ಏಕೈಕ ಆಡಳಿತ ಭಾಷೆಯೆಂದು ಘೋಷಿಸಿದಾಗ, ಸ್ಪೇನಿನ ಪ್ರಿನ್ಸ್ ಆಫ್ ಆಸ್ಟೂರಿಯಾಸ್ ಸಾಹಿತ್ಯ ಪ್ರಶಸ್ತಿಯನ್ನು ಯಾವೊಬ್ಬ ಲೇಖಕನಿಗೂ ಕೊಡದೆ ‘ಪೋರ್ಟೊ ರಿಕೊದ ಜನತೆ’ಗೆ ನೀಡಲಾಯಿತು. ಎರಡು ವರ್ಷಗಳಲ್ಲಿ, 1993ರಲ್ಲಿ, ಹೊಸ ಕಾನೂನು ಇಂಗ್ಲಿಷನ್ನೂ ಆಡಳಿತ ಭಾಷೆಯಾಗಿ ಮರಳಿ ತಂದಿತು. ಪ್ರಶಸ್ತಿ ಕಾನೂನನ್ನು ಉಳಿಸಲಿಲ್ಲ; ಭಾಷೆಯನ್ನು ಉಳಿಸಿದ್ದು ಮನೆ, ಬೀದಿ, ಹಾಡು ಮತ್ತು ಬೈಗುಳ. ಒಬ್ಬರ ನಾಲ್ಕು ಪ್ರಶಸ್ತಿಗಳನ್ನೂ ಒಂದು ಜನತೆಯ ಒಂದು ಪ್ರಶಸ್ತಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕ್ಕೆ ಒದಗುವ ಪಾಠ ಸ್ಪಷ್ಟವಾಗಿದೆ. ಮನ್ನಣೆ ಎಷ್ಟು ಬಂತು ಎಂಬುದರ ಜೊತೆಗೆ, ಅದು ಯಾವ ನುಡಿಗೆ ಬಂತು ಮತ್ತು ಪಡೆದವರು ಅದನ್ನು ಹಿಡಿದು ಯಾವ ನುಡಿಗೆ ಬಾಗಿಲು ತೆರೆದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊರೆನೊ ಅವರ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಇಂಗ್ಲಿಷ್. ಎರಡನೆಯದಕ್ಕೆ ಉತ್ತರ ಬರಲು ಅರವತ್ತು ವರ್ಷ ಬೇಕಾದವು.